ಎರಡು ವಾಕ್ಯದಲ್ಲಿ ಒಂದು ಸಿನಿಮಾ

ಸಾಗರ, ಹೊಸನಗರ, ತೀರ್ಥಹಳ್ಳಿಯ ಸೀಮೆಯಲ್ಲಿ ಕಥೆಗಳಿಗೆ ಬರವಿಲ್ಲ. ಸಿನಿಮಾ ಮಾಡುವ ಹಂಬಲವಿರುವ ಯುವಕರಿಗೂ ಕೊರತೆಯಿಲ್ಲ. ಆದರೆ 'ಕಥೆ ಏನು?' ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಕಥೆ ಹೇಳುವುದಿಲ್ಲ, ವಿಷಯ ಹೇಳುತ್ತೇವೆ: 'ಮುಳುಗಡೆಯ ನೋವು', 'ಕೋಮು ಸೌಹಾರ್ದ', 'ಮುಸ್ಲಿಮ್ ಮಹಿಳೆಯ ಬವಣೆ'. ನಿರ್ಮಾಪಕ ತಲೆಯಾಡಿಸಿ ಸುಮ್ಮನಾದರೆ ತಪ್ಪು ಅವನದಲ್ಲ. ವಿಷಯಕ್ಕೆ ಮುಖವಿರುವುದಿಲ್ಲ.

'ದ್ವೀಪ'ವನ್ನೇ ನೋಡೋಣ. ಸಾಗರದ ನಾ. ಡಿಸೋಜರ ಕಾದಂಬರಿಯನ್ನು ತೀರ್ಥಹಳ್ಳಿ ತಾಲೂಕಿನವರೇ ಆದ ಗಿರೀಶ್ ಕಾಸರವಳ್ಳಿ ತೆರೆಗೆ ತಂದರು. 2001ರ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಸಂದಿತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಸಾಗರ, ಹೊಸನಗರದ ಎಷ್ಟೋ ಊರುಗಳನ್ನು ನುಂಗಿದ್ದನ್ನು ಬಲ್ಲವರಿಗೆ ಹಿನ್ನೆಲೆ ವಿವರಿಸಬೇಕಿಲ್ಲ. ಆದರೆ ಹಿನ್ನೆಲೆಯೇ ಕಥೆಯಲ್ಲ. ಕಥೆ ಇಷ್ಟು: ಊರವರೆಲ್ಲ ಹೊರಟುಹೋದ ಮೇಲೂ ಗುಡ್ಡದ ಮನೆ ಬಿಡದ ಕುಟುಂಬವನ್ನು ಏರುತ್ತಿರುವ ನೀರು ಸುತ್ತುವರಿಯುತ್ತದೆ. ಮನೆ ಉಳಿಸಲು ಸೊಸೆ ನಾಗಿ ಹೆಣಗುತ್ತಾಳೆ. ಮಳೆ ನಿಂತಾಗ ಗಂಡ ಅದರ ಶ್ರೇಯಸ್ಸನ್ನು ದೈವಕ್ಕೆ ಕೊಡುತ್ತಾನೆ.

ಯಾರು, ಏನು ಬೇಕು, ಅಡ್ಡಿ ಯಾವುದು, ಕೊನೆಗೆ ಕಳೆದುಕೊಳ್ಳುವುದೇನು - ನಾಲ್ಕೂ ಇಲ್ಲಿವೆ. ಮುಕ್ತಾಯವನ್ನೂ ಬಚ್ಚಿಟ್ಟಿಲ್ಲ. ಕುತೂಹಲ ಕಾಯುವುದು ಪೋಸ್ಟರಿನ ಕೆಲಸ. ಹಣ ಹೂಡುವವನಿಗೆ ಕೊನೆಯೂ ಗೊತ್ತಿರಬೇಕು.

ನಮ್ಮನ್ನು ಹೆಚ್ಚು ಕಾಡುವುದು ಕಾಸರವಳ್ಳಿಯವರ 'ಹಸೀನಾ' (2004). ಬಾನು ಮುಷ್ತಾಕ್‌ರ 'ಕರಿ ನಾಗರಗಳು' ಕಥೆ ಅದಕ್ಕೆ ಆಧಾರ. ಅದನ್ನು 'ಮುಸ್ಲಿಮ್ ಮಹಿಳೆಯ ಬವಣೆ' ಎಂದು ಸಾರಿದರೆ ಒಂದು ಸಮುದಾಯ ಕಟಕಟೆಯಲ್ಲಿ ನಿಲ್ಲುತ್ತದೆ, ಹಸೀನಾ ಕಾಣೆಯಾಗುತ್ತಾಳೆ. ಬದಲಿಗೆ ಹೀಗೆ ಹೇಳಿ: ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ತೊರೆದ ಹೆಂಗಸು ಜಮಾಅತ್‌ನಲ್ಲಿ ನ್ಯಾಯ ಕೇಳುತ್ತಾಳೆ, ಅದು ಸಿಗದಾಗ ಮಕ್ಕಳೊಂದಿಗೆ ಮಸೀದಿಯ ಮುಂದೆ ಕೂರುತ್ತಾಳೆ. ಈಗ ಅವಳು ಬವಣೆಯ ಉದಾಹರಣೆಯಲ್ಲ, ಹಕ್ಕು ಕೇಳುವ ಮನುಷ್ಯಳು. ಜಮಾಅತ್‌ನವರೂ ಉತ್ತರ ಕೊಡಬೇಕಾದ ಮನುಷ್ಯರಾಗುತ್ತಾರೆ. ಸಾರಾಂಶದಲ್ಲೂ ನ್ಯಾಯ ಅನ್ಯಾಯಗಳಿವೆ ಎಂಬುದು ಇದಕ್ಕೇ.

ಎರಡು ವಾಕ್ಯದಲ್ಲಿ ಎಲ್ಲವೂ ಹಿಡಿಯದು ನಿಜ. 'ದ್ವೀಪ'ದ ಮಳೆಯ ಸದ್ದನ್ನು ಯಾವ ಸಾರಾಂಶವೂ ಹೇಳಲಾರದು. ಸಾರಾಂಶ ಬಾಗಿಲು ಮಾತ್ರ, ಮನೆಯಲ್ಲ. ಆದರೆ ಬಾಗಿಲಿಲ್ಲದ ಮನೆಗೆ ಯಾರು ಬಂದಾರು?

ಆದ್ದರಿಂದ ಬರೆದುದನ್ನು ನಿರ್ಮಾಪಕನಿಗೆ ಒಯ್ಯುವ ಮೊದಲು ಬಸ್ಸಿನಲ್ಲಿ ಪಕ್ಕ ಕುಳಿತವರಿಗೆ ಹೇಳಿ ನೋಡೋಣ. 'ಒಳ್ಳೆಯ ವಿಷಯ' ಎಂದರೆ ಮತ್ತೆ ಬರೆಯೋಣ. 'ಅಯ್ಯೋ, ಆಮೇಲೆ ಅವಳೇನು ಮಾಡಿದಳು?' ಎಂದರೆ ಕಥೆ ಸಿಕ್ಕಿತು.