ಕಿಟಕಿಯ ಈಚೆ ನಿಂತು ನಕ್ಕದ್ದು

ಹೋದ ರಂಜಾನ್ ಹಬ್ಬಕ್ಕೆ ಬೆಂಗಳೂರಿನಿಂದ ಬಂದ ನಮ್ಮ ಅಕ್ಕನ ಮಗ ಬ್ಯಾಗಿನಲ್ಲಿ ಬಟ್ಟೆಗಿಂತ ಪುಸ್ತಕಗಳನ್ನೇ ಹೆಚ್ಚು ತುಂಬಿಕೊಂಡು ಬಂದಿದ್ದ. ಅವನು ಸಾಫ್ಟ್‌ವೇರ್ ಕಂಪೆನಿಯೊಂದರ ನೌಕರ. ಅವುಗಳಲ್ಲಿ ಎರಡು, ಅಮೆರಿಕದ ಸ್ಕಾಟ್ ಆಡಮ್ಸ್ ಬರೆದ 'ಡಿಲ್ಬರ್ಟ್' ಕಾಮಿಕ್ ಪಟ್ಟಿಗಳ ಸಂಕಲನ. "ಮಾಮೂ, ಇದು ನಮ್ಮ ಆಫೀಸೇ, ಊರು ಮಾತ್ರ ಬ್ಯಾರೆ" ಎಂದು ಹೇಳಿ ಎರಡನ್ನೂ ರಾವೂರಿನ ನಮ್ಮ ಮನೆಯಲ್ಲೇ ಬಿಟ್ಟುಹೋದ. ನಾವು ನಾಲ್ಕು ರಾತ್ರಿ ಓದಿದೆವು, ಮನೆಯವರು ಎದ್ದು ಬಂದು ಕೇಳುವಷ್ಟು ನಕ್ಕೆವು. ಐದನೆಯ ದಿನ ನಗು ಯಾಕೋ ಗಂಟಲಲ್ಲಿ ನಿಂತಿತು. ಆ ನಿಂತದ್ದರ ಬಗ್ಗೆಯೇ ಈ ಬರಹ.

ಮೊದಲು ಕೊಡಬೇಕಾದ ಮೆಚ್ಚುಗೆಯನ್ನು ಕೊಟ್ಟುಬಿಡೋಣ. ಡಿಲ್ಬರ್ಟ್ 1989ರಲ್ಲಿ ಪತ್ರಿಕೆಗಳಲ್ಲಿ ಶುರುವಾಯಿತು. ಕಥಾನಾಯಕ ಒಬ್ಬ ಎಂಜಿನಿಯರ್. ಬಿಳಿ ಅಂಗಿ, ಮೇಲಕ್ಕೆ ಬಾಗಿದ ಟೈ, ಹೆಚ್ಚಿನ ಚಿತ್ರಗಳಲ್ಲಿ ಬಾಯಿಯೇ ಇಲ್ಲದ ಮುಖ. ಅವನ ಬಾಸಿಗೆ ತಲೆಯ ಎರಡೂ ಬದಿಗೆ ಕೊಂಬಿನಂತೆ ಕೂದಲು. ಈ ಬಾಸಿಗೆ ಹೆಸರಿಲ್ಲ. ಓದುವ ಪ್ರತಿಯೊಬ್ಬನೂ ತನ್ನ ಬಾಸಿನ ಹೆಸರನ್ನು ಅಲ್ಲಿ ಬರೆದುಕೊಳ್ಳಲಿ ಎಂಬಂತೆ ಆ ಜಾಗ ಖಾಲಿ ಇದೆ. ಕೆಲಸ ಮಾಡದೇ ಇರುವುದನ್ನೇ ಒಂದು ವಿದ್ಯೆಯಾಗಿ ಬೆಳೆಸಿಕೊಂಡ ವಾಲಿ, ಎಲ್ಲರ ಕೆಲಸವನ್ನೂ ಮಾಡಿ ಕೊನೆಗೆ ಮುಷ್ಟಿ ಬಿಗಿಯುವ ಆಲಿಸ್, ಸಿಬ್ಬಂದಿ ವಿಭಾಗದ ಮುಖ್ಯಸ್ಥನಾಗಿ ಒಂದು ಕ್ರೂರ ಬೆಕ್ಕು! ಆಡಮ್ಸ್ ಸ್ವತಃ ಬ್ಯಾಂಕಿನಲ್ಲಿ, ಟೆಲಿಫೋನ್ ಕಂಪೆನಿಯಲ್ಲಿ ದುಡಿದವರು. 1990ರ ದಶಕದಲ್ಲಿ ಅವರು ಪಟ್ಟಿಯ ಜೊತೆಗೇ ತಮ್ಮ ಇ-ಮೇಲ್ ವಿಳಾಸ ಅಚ್ಚು ಹಾಕಿಸಿದರು. ಓದುಗರು ತಂತಮ್ಮ ಆಫೀಸಿನ ಹುಚ್ಚಾಟಗಳನ್ನು ಬರೆದು ಕಳಿಸತೊಡಗಿದರು. ಅವೇ ಮುಂದೆ ಪಟ್ಟಿಗಳಾದವು. ಅವರ ಚಿತ್ರದ ಗೆರೆ ಬಡವಾದದ್ದು, ಕೈ ಪಳಗದ ಹುಡುಗ ಬರೆದಂತೆ. ಆದರೆ ಮಾತಿನ ಲೆಕ್ಕ ಎಲ್ಲೂ ತಪ್ಪುವುದಿಲ್ಲ. ಮೂರು ಚೌಕಗಳಲ್ಲಿ ಮೊದಲನೆಯದರಲ್ಲಿ ಬಾಸ್ ಒಂದು ಹುಕುಂ ಹೊರಡಿಸುತ್ತಾನೆ, ಎರಡನೆಯದರಲ್ಲಿ ಅದರ ತರ್ಕವನ್ನು ಯಾರೋ ವಿನಯದಿಂದ ಒಪ್ಪಿಕೊಳ್ಳುತ್ತಾರೆ, ಮೂರನೆಯದರಲ್ಲಿ ಆ ಒಪ್ಪಿಗೆಯೇ ಹುಕುಮ್ಮಿನ ಕತ್ತು ಹಿಸುಕುತ್ತದೆ. ಸಣ್ಣಕಥೆ ಬರೆಯುವ ನಮಗೆ ಈ ಬಿಗಿ ನೋಡಿ ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ.

ಐದನೆಯ ದಿನ ಹೊಳೆದದ್ದು ಇಷ್ಟು. ಈ ಆಫೀಸಿಗೆ ಹೊರಗಿನಿಂದ ಅರ್ಜಿ ಹಿಡಿದುಕೊಂಡು ಯಾರೂ ಬರುವುದಿಲ್ಲ. ಗಿರಾಕಿಗಳು ಬಂದರೂ ಅವರು ಮತ್ತೊಂದು ಕಂಪೆನಿಯ ಮೀಟಿಂಗಿನವರು. ಇಲ್ಲಿ ತಯಾರಾಗುವ ಸಾಮಾನು ಯಾರ ಮನೆಗೆ ಹೋಗುತ್ತದೆ, ಯಾರ ಬದುಕು ಕೆಡಿಸುತ್ತದೆ ಎಂಬುದು ಲೆಕ್ಕಕ್ಕಿಲ್ಲ. ನೋವೆಲ್ಲ ಮೇಜಿನ ಹಿಂದೆ ಕೂತವನದು, ತಿಂಗಳಾದರೆ ಸಂಬಳ ಬರುವವನದು. ಅದೂ ನೋವೇ, ಅಲ್ಲಗಳೆಯುವುದಿಲ್ಲ. ನಮ್ಮ ಅಕ್ಕನ ಮಗನ ಕಣ್ಣ ಕೆಳಗಿನ ಕಪ್ಪನ್ನು ನೋಡಿದವರು ನಾವು. ಆದರೆ ನಮ್ಮ ಕಡೆ ಆಫೀಸು ಎಂದರೆ ಒಳಗೆ ಕೂರುವ ಜಾಗವಲ್ಲ. ಹೊರಗೆ ನಿಲ್ಲುವ ಜಾಗ.

ನಮ್ಮೂರಿನ ಸುತ್ತ ಪರ್ಸಿ ಕಲ್ಲಿನ ಗಣಿಗಳು, ಪಾಲಿಶ್ ಮಾಡುವ ಮಿಲ್ಲುಗಳು. ಹೊರಗಿನವರು ಶಹಾಬಾದ್ ಕಲ್ಲು ಎಂದು ಕರೆಯುವುದು ಇದನ್ನೇ. ವಾಡಿ ಜಂಕ್ಷನ್ ಪಕ್ಕದಲ್ಲಿ, ಅಲ್ಲಿಯೇ ಸಿಮೆಂಟ್ ಕಾರ್ಖಾನೆ. ಎಷ್ಟು ಸರಕಾರಿ ಕಚೇರಿಗಳ ನೆಲಕ್ಕೆ ಈ ಕಲ್ಲು ಹಾಸಿದ್ದಾರೋ! ಕಲ್ಲು ಒಳಗೆ ಹೋಗಿದೆ, ಒಡೆದವನು ವರಾಂಡದಲ್ಲಿ ನಿಂತಿದ್ದಾನೆ. "ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ್ರೀ, ನಾಳಿ ಬರ್ರಿ." ಡಿಲ್ಬರ್ಟಿನ ಮೀಟಿಂಗು ಒಳಗಿದ್ದವನಿಗೆ ಶಿಕ್ಷೆ. ಅದೇ ಮೀಟಿಂಗು ಹೊರಗಿದ್ದವನಿಗೆ ಒಂದು ದಿನದ ಕೂಲಿ.

ಇನ್ನೊಂದು ವಿಚಿತ್ರವಿದೆ. ಆ ಕಚೇರಿಯ ಮಾತೆಲ್ಲ ನಮ್ಮ ಮನೆಯ ಮಾತು. ಈ ಭಾಗ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ದಫ್ತರದ ಭಾಷೆ ಮೊದಲು ಪಾರಸಿ, ಆಮೇಲೆ ಉರ್ದು. ಅರ್ಜಿ, ದಾಖಲೆ, ಜಮೀನು, ತಹಶೀಲು, ಶಿರಸ್ತೇದಾರ, ಗುಮಾಸ್ತ, ಎಲ್ಲವೂ ಆ ದಾರಿಯಿಂದ ಕನ್ನಡಕ್ಕೆ ಬಂದವು. ಮೈಸೂರು ಸೀಮೆಯಲ್ಲೂ ಇವು ಇವೆ. ಜವಾನ ಎಂದರೆ ತರುಣ ಎಂದು ಉರ್ದು ಶಾಲೆಯಲ್ಲಿ ಕಲಿತ ನಮಗೆ, ನಿವೃತ್ತಿಯ ಹೊಸ್ತಿಲಲ್ಲಿದ್ದ ಮುದುಕನೊಬ್ಬನನ್ನು ಎಲ್ಲರೂ 'ಜವಾನ' ಎಂದು ಕರೆಯುವುದನ್ನು ಮೊದಲ ಸಲ ಕೇಳಿದಾಗ ನಗು ತಡೆಯಲಾಗಿರಲಿಲ್ಲ. ಅದು ನಮಗೆ ಸಿಕ್ಕ ಮೊದಲ ಆಫೀಸು ಜೋಕು.

ಎರಡನೆಯ ಜೋಕಿಗೆ ನಗು ಬರಲಿಲ್ಲ. ನಮ್ಮ ಅಬ್ಬಾ ಅವರ ಹೆಸರಿನಲ್ಲಿ ಉರ್ದುವಿನ 'ಖಾಫ್' ಅಕ್ಷರ ಇತ್ತು. ಅದು ಪಹಣಿಯಲ್ಲಿ 'ಕ' ಆಯಿತು, ಪಡಿತರ ಚೀಟಿಯಲ್ಲಿ 'ಖ' ಆಯಿತು, ಮತದಾರರ ಪಟ್ಟಿಯಲ್ಲಿ 'ಗ' ಆಯಿತು. ಅವರು ತೀರಿಕೊಂಡ ಮೇಲೆ ಪೌತಿ ಖಾತೆಗೆ ಅರ್ಜಿ ಹಾಕಿದೆವು. ಪೌತಿ ಎಂದರೂ ಫೌತ್, ನಮ್ಮದೇ ಮಾತಿನ ಸಾವು. ಸತ್ತವರು ಮೂವರಲ್ಲ ಒಬ್ಬರೇ ಎಂದು ಸಾಬೀತು ಮಾಡುವುದಕ್ಕೆ ನಮಗೆ ಎರಡು ವರ್ಷ, ನಾಲ್ಕು ಅಫಿಡವಿಟ್ಟು ಬೇಕಾದವು. ಆ ಕಚೇರಿಯ ಹೆಸರು ಇಲ್ಲಿ ಬೇಡ. ಕಿಟಕಿಯ ಒಳಗಿದ್ದವನು ಕೆಟ್ಟವನೇನಲ್ಲ, ಅವನಿಗೂ ಒಬ್ಬ ಕೊಂಬಿನ ಕೂದಲಿನ ಬಾಸ್ ಇದ್ದಿರಬೇಕು. ಆದರೆ ಅವನ ಮೇಲೆ ಮೂರು ಚೌಕ ಬರೆದರೆ ನಾವು ಯಾವ ಚೌಕದಲ್ಲಿ ಬರುತ್ತೇವೆ?

ಇದಕ್ಕೆ ಉತ್ತರ ಹುಡುಕುತ್ತ ಕಪಾಟಿನಿಂದ ಆರ್.ಕೆ. ಲಕ್ಷ್ಮಣರ ಹಳೆಯ ಸಂಕಲನಗಳನ್ನು ತೆಗೆದೆವು. ಅವು ಪಟ್ಟಿಗಳಲ್ಲ, ಒಂದೊಂದೇ ಚೌಕ. ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದ ಲಕ್ಷ್ಮಣ್, ವಿದ್ಯಾರ್ಥಿಯಾಗಿದ್ದಾಗ ಡಾ. ಎಂ. ಶಿವರಾಂ ಅವರ 'ಕೊರವಂಜಿ'ಗೆ ಚಿತ್ರ ಬರೆದವರು. ಟೈಮ್ಸ್ ಆಫ್ ಇಂಡಿಯಾದಲ್ಲಿ 1951ರಿಂದ ದಶಕಗಟ್ಟಲೆ ಬಂದ 'ಯೂ ಸೆಡ್ ಇಟ್'ನ ಶ್ರೀಸಾಮಾನ್ಯ ಯಾರಿಗೆ ಗೊತ್ತಿಲ್ಲ? ಬೋಳು ತಲೆ, ಕನ್ನಡಕ, ಧೋತರ, ಚೌಕಳಿ ಕೋಟು. ಲಕ್ಷ್ಮಣರ ಕಚೇರಿಯಲ್ಲಿ ಗಾಳಿ ಇದೆ, ಧೂಳಿದೆ, ಕುರ್ಚಿಗೆ ತೂಕವಿದೆ. ಕುಂಚದ ನಾಲ್ಕು ಏಟಿಗೆ ಸಾಹೇಬರ ಹೊಟ್ಟೆ ಮೇಜಿನ ಮೇಲೆ ಬಂದು ಕೂರುತ್ತದೆ. ಗೆರೆಯ ಮಟ್ಟಿಗೆ ಆಡಮ್ಸ್ ಅವರ ಹತ್ತಿರ ಸುಳಿಯಲಾರರು. ಅದಕ್ಕಿಂತ ದೊಡ್ಡ ಮಾತೆಂದರೆ, ಅವರು ಕಣ್ಣನ್ನು ಇಟ್ಟ ಜಾಗ. ಅದು ಕಿಟಕಿಯ ಈಚೆ ಇದೆ, ನಾವು ನಿಂತ ಕಡೆ.

ಆದರೂ ಈ ಸಲ ಶ್ರೀಸಾಮಾನ್ಯನ ಮೌನ ನಮ್ಮನ್ನು ಕಾಡಿತು. ಅರ್ಧ ಶತಮಾನ ಎಲ್ಲವನ್ನೂ ನೋಡಿದ ಮನುಷ್ಯ ಒಂದು ಮಾತಾಡಲಿಲ್ಲ. ಅದೇ ಅವನ ಶಕ್ತಿ ಎಂದು ಹಲವರು ಹೊಗಳಿದ್ದಾರೆ. ನಾವೂ ಒಂದು ಕಾಲಕ್ಕೆ ಹಾಗೇ ನಂಬಿದ್ದೆವು. ಈಗ ಅನ್ನಿಸುವುದು ಬೇರೆ: ಸುಮ್ಮನಿರುವುದಕ್ಕೂ ಒಂದು ಅನುಕೂಲ ಬೇಕು. ಆ ಕೋಟು ಹಾಕಿದವನನ್ನು ಜವಾನ ಗದರಿಸಿ ಓಡಿಸುವುದಿಲ್ಲ, ಅವನು ಸಾಹೇಬರ ಕೋಣೆಯಲ್ಲಿ ನಿಂತು ನೋಡಬಲ್ಲ. ಕಲ್ಲು ಮಿಲ್ಲಿನ ಬಿಳಿ ಧೂಳು ಮೆತ್ತಿದ ಹೆಂಗಸು ಅಲ್ಲಿ ನಿಂತರೆ ಚಿತ್ರವೇ ಬೇರೆಯಾಗುತ್ತಿತ್ತು. ಮಾತಾಡಿದರೇನೇ ಅವಳ ಅರ್ಜಿ ಮುಂದಕ್ಕೆ ಹೋಗುವುದು. ಈ ಕಾರಣಕ್ಕೇ ಲಕ್ಷ್ಮಣರ ಇನ್ನೊಂದು ಸೃಷ್ಟಿ, 1988ರಲ್ಲಿ ದೂರದರ್ಶನಕ್ಕೆ ಬಂದ ವಾಗ್ಲೆ, ನಮಗೆ ಹೆಚ್ಚು ಹತ್ತಿರ. ವಾಗ್ಲೆ ತನ್ನ ಆಫೀಸಿನಲ್ಲಿ ಗುಮಾಸ್ತ, ಸಂಜೆ ಹೊರಬಂದರೆ ಇನ್ನೊಬ್ಬರ ಕಿಟಕಿಯ ಮುಂದೆ ಗಿರಾಕಿ. ಮಾತಾಡುತ್ತಾನೆ, ಹೆದರುತ್ತಾನೆ, ಎಡವುತ್ತಾನೆ.

ಇನ್ನು ಡಿಲ್ಬರ್ಟಿನಲ್ಲಿ ನಮ್ಮವರು. ಇದ್ದಾರೆ. 1990ರ ದಶಕದಲ್ಲೇ ಅಶೋಕ್ ಎಂಬ ಭಾರತೀಯ ಹುಡುಗ ಆ ಕಂಪೆನಿಗೆ ತರಬೇತಿಗೆ ಬಂದ. ಐಐಟಿ ಪದವೀಧರ, ಎಲ್ಲರಿಗಿಂತ ಬುದ್ಧಿವಂತ, ಎಲ್ಲರಿಗಿಂತ ಮುಗ್ಧ. ನಮ್ಮ ಹುಡುಗನಿಗೆ ಅವನೆಂದರೆ ಪ್ರಾಣ. ಎಲ್ಬೋನಿಯಾ ಎಂಬ ದೇಶವೂ ಇದೆ. ಅಲ್ಲಿಯ ಜನ ಸೊಂಟದವರೆಗೆ ಕೆಸರಿನಲ್ಲಿ ನಿಂತಿರುತ್ತಾರೆ, ಉದ್ದ ಟೋಪಿ, ಗಡ್ಡ. ಕಂಪೆನಿ ತನ್ನ ಅಗ್ಗದ ಕೆಲಸವನ್ನು ಅಲ್ಲಿಗೆ ಕಳಿಸುತ್ತದೆ. ಮೊದಲ ಓದಿನಲ್ಲಿ ನಾವು ಎಲ್ಬೋನಿಯಾಕ್ಕೂ ನಕ್ಕೆವು. ಎರಡನೆಯ ಓದಿನಲ್ಲಿ ಕೆಸರು ಕಾಲಿಗೆ ತಾಗಿತು. ಆಫೀಸಿನ ಒಳಗಿನ ಮೂರ್ಖತನಕ್ಕೆ ಒಬ್ಬೊಬ್ಬನಿಗೆ ಒಂದೊಂದು ಮುಖ ಕೊಡುವ ಲೇಖಕ ಬಡ ದೇಶದ ಜನರಿಗೆಲ್ಲ ಸೇರಿಸಿ ಒಂದೇ ಮುಖ ಕೊಟ್ಟಿದ್ದಾನೆ. ಮೇಜು ಸಿಕ್ಕ ಪರದೇಶಿಗೆ ಅಶೋಕ್ ಎಂಬ ಹೆಸರು, ಸಿಗದವರಿಗೆ ಕೆಸರು.

2023ರ ಫೆಬ್ರವರಿಯಲ್ಲಿ ಆಡಮ್ಸ್ ಅಮೆರಿಕದ ಕಪ್ಪು ಜನರನ್ನು ದ್ವೇಷದ ಗುಂಪೆಂದು ಕರೆದು, ಬಿಳಿಯರು ಅವರಿಂದ ದೂರವಿರಬೇಕೆಂದು ಹೇಳಿದರು. ನೂರಾರು ಪತ್ರಿಕೆಗಳು ಡಿಲ್ಬರ್ಟನ್ನು ಕೈಬಿಟ್ಟವು, ಹಂಚುವ ಸಂಸ್ಥೆಯೂ ಸಂಬಂಧ ಕಡಿದುಕೊಂಡಿತು. ಹಾಗಾದರೆ ಪುಸ್ತಕ ಒಲೆಗೆ ಹಾಕಬೇಕೆ? ಬೇಡ ಎನ್ನುತ್ತೇವೆ ನಾವು. ವಾಲಿಯ ಸೋಮಾರಿತನದಲ್ಲಿ ಇರುವ ಸತ್ಯ ಅದನ್ನು ಬರೆದವನ ಮಾತಿನಿಂದ ಸುಳ್ಳಾಗುವುದಿಲ್ಲ. ಆದರೆ ಎಲ್ಬೋನಿಯಾದ ಪುಟಗಳನ್ನು ಇನ್ನು ಮುಗ್ಧವಾಗಿ ಓದಲಾಗದು. 2023ರ ಮಾತು ಆಕಾಶದಿಂದ ಉದುರಿದ್ದಲ್ಲ. ಇಡೀ ಒಂದು ಜನಕ್ಕೆ ಒಂದೇ ಮುಖ ಬರೆಯುವ ಅಭ್ಯಾಸ ಆ ಕೈಗೆ ಮೊದಲೇ ಇತ್ತು. ಈ ಅಭ್ಯಾಸದ ಬಿಸಿ ಹೇಗಿರುತ್ತದೆಂದು ನಮ್ಮ ಓದುಗರಿಗೆ ನಾವು ವಿವರಿಸಬೇಕಾಗಿಲ್ಲ.

ಕನ್ನಡದಲ್ಲಿ ಕಚೇರಿಯನ್ನು ನಗುವುದಕ್ಕೆ ಕೊರತೆಯಿಲ್ಲ. ಪೊಲೀಸ್ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ಬರೆದ ಬೀಚಿ ಇದ್ದರು. ಪ್ರಜಾವಾಣಿಯಲ್ಲಿ ಬಹುಕಾಲ ಚಿತ್ರ ಬರೆದ ಪಿ. ಮಹಮ್ಮದ್ ಅವರ ಗೆರೆಯನ್ನು ಕಾಯುತ್ತಿದ್ದವರಲ್ಲಿ ನಾವೂ ಒಬ್ಬರು. ಆದರೆ ದಿನಾ ಬರುವ, ಅದೇ ಪಾತ್ರಗಳು ಮತ್ತೆ ಮತ್ತೆ ಸಿಗುವ, ನಾಡಕಚೇರಿಯ ಕಿಟಕಿಯಲ್ಲೇ ನಡೆಯುವ ಒಂದು ಕಾಮಿಕ್ ಪಟ್ಟಿ ನಮ್ಮ ಕಣ್ಣಿಗೆ ಬಿದ್ದಿಲ್ಲ. ಸರಕಿಗೇನು ಬರ? ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರ್ ಹುಡುಗಿ ಇದ್ದಾಳೆ, ಒಳಗೆ ಕೂತರೂ ಒಳಗಿನವಳಲ್ಲ. 2012ರಲ್ಲಿ ಬಂದ 'ಸಕಾಲ' ಕೆಲಸಕ್ಕೆ ಗಡುವು ಹಾಕಿತು. ಗಡುವು ಮುಗಿಯುವ ಹಿಂದಿನ ದಿನ ಅರ್ಜಿ ತಿರಸ್ಕರಿಸುವ ಕಲೆ ಬೆಳೆಯಿತು. 'ಸಾಹೇಬ್ರು ಇಲ್ಲ' ಎಂಬಲ್ಲಿ ಈಗ 'ಸರ್ವರ್ ಇಲ್ಲ' ಬಂದಿದೆ. ನಮ್ಮ ಪಕ್ಕದ ಮನೆಯ ಅಜ್ಜಿ ಸರ್ವರ್ ಎಂದರೆ ಹೊಸದಾಗಿ ವರ್ಗವಾಗಿ ಬಂದ ಸಾಹೇಬರ ಹೆಸರೆಂದೇ ತಿಳಿದಿದ್ದರು. ಉರ್ದುವಿನಲ್ಲಿ ಸರ್ವರ್ ಎಂದರೆ ಒಡೆಯ. ಅಜ್ಜಿ ತಪ್ಪು ತಿಳಿದಿದ್ದರು ಎಂದು ಹೇಳಲು ನಮಗೆ ಧೈರ್ಯವಿಲ್ಲ.

ಬಕ್ರೀದಿಗೆ ಬಂದ ಹುಡುಗ ಪುಸ್ತಕ ವಾಪಸು ಕೇಳಿದ. ಒಂದನ್ನು ಕೊಟ್ಟೆವು. ಇನ್ನೊಂದರ ಕೊನೆಯ ಖಾಲಿ ಹಾಳೆಯಲ್ಲಿ ನಾವು ಮೂರು ಚೌಕ ಹಾಕಿ, ಕಿಟಕಿಯ ಮುಂದೆ ಒಬ್ಬ ಅಜ್ಜಿಯನ್ನು ಬರೆಯಲು ಹೋಗಿ ಕೆಡಿಸಿಟ್ಟಿದ್ದೆವು. ಅದನ್ನು ಅವನಿಗೆ ತೋರಿಸಲು ನಾಚಿಕೆಯಾಯಿತು.