ಗೊಂಬೆಗೆ ಪೆಟ್ಟಿಗೆ, ಪಟಕ್ಕೆ ಮೊಳೆ

ಮೈಸೂರು ಶೈಲಿಯ ಚಿತ್ರವೊಂದನ್ನು ಕೊಂಡು ತಂದವರು ಮೊದಲು ಕಟ್ಟು ಹಾಕಿಸುತ್ತಾರೆ, ಆಮೇಲೆ ಮೊಳೆ ಹೊಡೆಯುತ್ತಾರೆ. ಅಲ್ಲಿಗೆ ಕೆಲಸ ಮುಗಿಯಿತು. ಗಾಜು ಕೂತಿತು, ಗೋಡೆ ಸಿಕ್ಕಿತು, ಇನ್ನು ಭಯವಿಲ್ಲ ಎಂದು ಮುಂದಿನ ಸಲ ಮನೆಗೆ ಬಣ್ಣ ಹೊಡೆಸುವ ತನಕ ಅದನ್ನು ಯಾರೂ ಮುಟ್ಟುವುದಿಲ್ಲ. ಅದೇ ಮನೆಯ ದಸರಾ ಗೊಂಬೆಗಳಿಗೆ ಸಿಗುವ ಉಪಚಾರವೇ ಬೇರೆ. ನವರಾತ್ರಿ ಮುಗಿದ ಮೇಲೆ ಒಂದೊಂದನ್ನೂ ಹಳೆಯ ಪಂಚೆಯ ಮೆತ್ತನೆಯ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಗೆ ಇಳಿಸುತ್ತಾರೆ. ಮರುವರ್ಷ ತೆಗೆದಾಗ ಬಣ್ಣ ಎದ್ದಿದೆಯೇ, ಹುಳ ಹಿಡಿದಿದೆಯೇ ಎಂದು ನೋಡುತ್ತಾರೆ. ಪಟ್ಟದ ಗೊಂಬೆಗಳು ಅಜ್ಜಿಯಿಂದ ಮೊಮ್ಮಗಳವರೆಗೆ ನಡೆದು ಬಂದದ್ದು ಹೀಗೆ. ಕಲಾಕೃತಿಯನ್ನು ತೋರಿಸುವುದು ಹೇಗೆ, ಉಳಿಸುವುದು ಹೇಗೆ ಎಂಬ ಎರಡೂ ವಿದ್ಯೆ ನಮ್ಮ ಮನೆಗಳಿಗೆ ಗೊತ್ತಿದೆ. ಅದನ್ನು ಗೋಡೆಯ ಮೇಲಿನ ಚಿತ್ರಕ್ಕೆ ಅನ್ವಯಿಸದೆ ಬಿಟ್ಟಿದ್ದೇವೆ ಎಂಬುದೇ ನನ್ನ ತಕರಾರು.

ಈ ಶೈಲಿಯ ಚಿತ್ರದ ಮೈಯನ್ನು ಹತ್ತಿರದಿಂದ ನೋಡಿದರೆ ತಕರಾರಿನ ಕಾರಣ ತಿಳಿಯುತ್ತದೆ. ದೇವಿಯ ಕಿರೀಟ, ಕೊರಳ ಹಾರ, ಸಿಂಹಾಸನದ ಕಂಬಗಳು ಉಳಿದ ಭಾಗಕ್ಕಿಂತ ತುಸುವೇ ಉಬ್ಬಿರುತ್ತವೆ. ಬಿಳಿ ಪುಡಿ ಮತ್ತು ಅಂಟು ಕಲಸಿದ ಗೆಸ್ಸೊದಿಂದ ಆ ಉಬ್ಬನ್ನು ಮೂಡಿಸಿ, ಅದರ ಮೇಲೆ ಚಿನ್ನದ ರೇಕು ಅಂಟಿಸುತ್ತಾರೆ. ತಂಜಾವೂರು ಚಿತ್ರದ ದಪ್ಪ ಉಬ್ಬಿಗೆ ಹೋಲಿಸಿದರೆ ಇದು ನವಿರು. ಆ ನವಿರೇ ಅದರ ಸೊಗಸು, ಅದೇ ಅದರ ದೌರ್ಬಲ್ಯ. ತೇವ ಬಂದಾಗ ತಳದ ಕಾಗದ, ಬಟ್ಟೆ, ಮರ ಹಿಗ್ಗುತ್ತವೆ, ಒಣಗಿದಾಗ ಕುಗ್ಗುತ್ತವೆ. ಗೆಸ್ಸೊ ಅವುಗಳ ಜೊತೆ ಬಳುಕಲಾರದೆ ಬಿರುಕು ಬಿಡುತ್ತದೆ, ರೇಕು ಅಂಚಿನಿಂದ ಏಳುತ್ತದೆ. ಇನ್ನು ಬಣ್ಣಗಳಿಗೆ ಬೆಳಕೇ ಶತ್ರು. ಕಾಗದದ ಮೇಲಿನ ಜಲವರ್ಣದಂಥ ಕೃತಿಗಳಿಗೆ ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ ಒಪ್ಪುವ ಬೆಳಕು 50 ಲಕ್ಸ್. ದಿನಕ್ಕೆ 8 ಗಂಟೆ ಎಂದರೆ 400 ಲಕ್ಸ್-ಗಂಟೆ. ನಡುಹಗಲ ನೇರ ಬಿಸಿಲು ಸುಮಾರು 1,00,000 ಲಕ್ಸ್. ಕಿಟಕಿಯಿಂದ ಇಳಿಯುವ ಬೆಳಗಿನ ಬಿಸಿಲನ್ನು ಅದರ ಕಾಲುಭಾಗವೆಂದು ಹಿಡಿದರೂ, ಒಂದೇ ಗಂಟೆಯಲ್ಲಿ ಚಿತ್ರ ಉಣ್ಣುವ ಬೆಳಕು ಸಂಗ್ರಹಾಲಯದಲ್ಲಿ ಎರಡು ತಿಂಗಳು ಉಣ್ಣುವುದಕ್ಕೆ ಸಮ. ಹೀಗೆ ಮಾಸಿದ ಬಣ್ಣ ಮತ್ತೆ ಮರಳುವುದಿಲ್ಲ.

ಗಾಜು ಇದನ್ನೆಲ್ಲ ತಡೆಯುತ್ತದೆ ಎಂಬುದು ಅರೆಸತ್ಯ. ಧೂಳು, ನೊಣದ ಹಿಕ್ಕೆ, ಮಕ್ಕಳ ಕೈ ಇವುಗಳನ್ನು ಗಾಜು ತಡೆಯುತ್ತದೆ. ಬಣ್ಣ ಮಾಸಿಸುವ ಬೆಳಕು ಮಾತ್ರ ಸಾಧಾರಣ ಗಾಜಿನಲ್ಲಿ ಹೆಚ್ಚಿನಂಶ ಹಾಗೇ ದಾಟುತ್ತದೆ. ಚಿತ್ರಕ್ಕೆ ಗಾಜು ತಾಗಿದ್ದರೆ ಇನ್ನೊಂದು ಕೇಡು. ಒಳಗೆ ಸಿಕ್ಕಿಕೊಂಡ ತೇವ ಹೊರಬರಲಾರದೆ ಬಣ್ಣವನ್ನೇ ಗಾಜಿಗೆ ಅಂಟಿಸುತ್ತದೆ. ಬಿಡಿಸಲು ಹೋದರೆ ದೇವಿಯ ಮುಖವೇ ಗಾಜಿನೊಂದಿಗೆ ಎದ್ದು ಬರಬಹುದು. ಕರಾವಳಿಯ ಮಳೆಗಾಲದಲ್ಲಿ ಗಾಳಿಯ ತೇವಾಂಶ ವಾರಗಟ್ಟಲೆ ಶೇ. 80 ದಾಟಿರುತ್ತದೆ. ಬೂಷ್ಟು ಹಿಡಿಯಲು ಶೇ. 70 ದಾಟಿ ಬಹುದಿನ ನಿಂತರೆ ಸಾಕು. ಹಿಂದುಗಡೆ ಹೊಡೆದ ಹಾರ್ಡ್‌ಬೋರ್ಡಿನ ಆಮ್ಲ ಕಾಗದವನ್ನು ಕಂದಾಗಿಸುತ್ತದೆ, ಸೆಲ್ಲೊಟೇಪಿನ ಅಂಟು ಕಲೆಯಾಗಿ ಮುಂದಕ್ಕೆ ಇಳಿಯುತ್ತದೆ. ಕಟ್ಟು ಹಾಕಿಸುವಾಗ ಚೌಕಟ್ಟಿನ ಅಂಚಿಗೆ ಕೊಡುವ ಗಮನದ ಅರ್ಧವನ್ನೂ ನಾವು ಈ ಬೆನ್ನಿಗೆ ಕೊಡುವುದಿಲ್ಲ.

ಮನೆಯೇನು ಮ್ಯೂಸಿಯಮ್ಮೇ ಎಂದು ಕೇಳುವವರಿದ್ದಾರೆ. ದೇವರ ಪಟ ದೀಪ, ಧೂಪ, ಕುಂಕುಮಗಳಿಗೇ ಇರುವುದು, ಮಸಿ ಹಿಡಿಯುವುದೂ ಅದರ ಆಯುಷ್ಯದ ಭಾಗ ಎಂಬುದು ಅವರ ವಾದ. ತಳ್ಳಿಹಾಕುವಂಥ ಮಾತಲ್ಲ ಇದು. ಪೂಜೆಯೇ ಉದ್ದೇಶವಾದರೆ ಪಟ ಸವೆದದ್ದನ್ನು ಹಾನಿ ಎನ್ನಲಾಗದು. ಆದರೆ ನಮ್ಮ ದೇವಾಲಯಗಳೇ ಇದಕ್ಕೊಂದು ವ್ಯವಸ್ಥೆ ಮಾಡಿಕೊಂಡಿವೆ: ಬೀದಿಯ ಬಿಸಿಲಿಗೆ, ಜನಜಂಗುಳಿಗೆ ಹೊರಡುವುದು ಉತ್ಸವಮೂರ್ತಿ; ಮೂಲಮೂರ್ತಿ ಗರ್ಭಗುಡಿ ಬಿಟ್ಟು ಬರುವುದಿಲ್ಲ. ಚಿತ್ರದ ಒಳ್ಳೆಯ ಮುದ್ರಿತ ಪ್ರತಿಯೊಂದನ್ನು ದೀಪದ ಮುಂದಿಟ್ಟು, ಕಲಾವಿದನ ಕೈಯ ಮೂಲವನ್ನು ನೆರಳಿರುವ ಒಳಗೋಡೆಗೆ ಹಾಕಿದರೆ ಭಕ್ತಿಗೂ ಕುಂದಿಲ್ಲ, ಚಿತ್ರಕ್ಕೂ ಕುಂದಿಲ್ಲ. ರವಿವರ್ಮನ ಅಚ್ಚುಕೂಟ 1894ರಲ್ಲಿ ಶುರುವಾಗಿ ಮನೆಮನೆಗೆ ಲಕ್ಷ್ಮಿ, ಸರಸ್ವತಿಯರನ್ನು ಕಳಿಸಿದ ಮೇಲೆ ಮುದ್ರಿತ ಪಟಕ್ಕೆ ಕೈಮುಗಿಯುವುದು ನಮಗೆ ಹೊಸತೂ ಅಲ್ಲ.

ಇನ್ನೊಂದು ಆಕ್ಷೇಪ ಖರ್ಚಿನದು. ಅತಿನೇರಳೆ ಕಿರಣ ತಡೆಯುವ ಗಾಜು, ಆಮ್ಲರಹಿತ ಮೌಂಟ್ ಎಲ್ಲರ ಕೈಗೆ ಎಟುಕುವುದಿಲ್ಲ ಎಂಬುದು ನಿಜ. ಆದರೆ ಹೆಚ್ಚು ಫಲ ಕೊಡುವ ಕ್ರಮಗಳಿಗೆ ಹಣವೇ ಬೇಡ. ಕಿಟಕಿಯೆದುರಿನ ಗೋಡೆ, ಮಳೆ ಹೊಡೆಯುವ ಹೊರಗೋಡೆ, ಬಚ್ಚಲಿಗೆ ತಾಗಿದ ಗೋಡೆ, ಈ ಮೂರನ್ನು ಬಿಟ್ಟರೆ ಅರ್ಧ ಕೆಲಸ ಆದಂತೆ. ಚೌಕಟ್ಟಿನ ಕೆಳಮೂಲೆಗಳ ಹಿಂದೆ ಎರಡು ಬೆಂಡಿನ ತುಂಡು ಅಂಟಿಸಿದರೆ ಬೆನ್ನಿಗೆ ಗಾಳಿಯಾಡುತ್ತದೆ. ಹಳೆಯ ಮನೆಗಳಲ್ಲಿ ಪಟಗಳನ್ನು ಬಾಗಿಲ ಮೇಲೆ ಮುಂದಕ್ಕೆ ಬಾಗಿಸಿ ತೂಗುಹಾಕುತ್ತಿದ್ದರು. ನೋಡುವವರಿಗೆ ಅನುಕೂಲವೆಂದು ಹಾಗೆ ಮಾಡಿದ್ದಿರಬಹುದು, ಆದರೆ ಗೋಡೆಯ ತೇವದಿಂದ ಪಟ ದೂರ ಉಳಿಯುತ್ತಿದ್ದದ್ದೂ ಅದರಿಂದಲೇ. ಗಾಜಿನ ಮೇಲೆ ನೇರವಾಗಿ ದ್ರವ ಸಿಂಪಡಿಸುವ ಬದಲು ಒಣಬಟ್ಟೆಯಲ್ಲಿ ಒರೆಸುವುದಕ್ಕಂತೂ ಯಾವ ಖರ್ಚೂ ಇಲ್ಲ.

ಗೊಂಬೆಗಳಂತೆ ಚಿತ್ರಗಳನ್ನೂ ಸರದಿಯ ಮೇಲೆ ಗೋಡೆಗೆ ಹಾಕಿ, ಉಳಿದ ಕಾಲ ಪೆಟ್ಟಿಗೆಯಲ್ಲಿಟ್ಟರೆ ಗೆದ್ದಲು ತಿನ್ನದೇ ಎಂಬ ಪ್ರಶ್ನೆಯೂ ಏಳುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಅಟ್ಟಕ್ಕೆ ಎಸೆದು ಮರೆತರೆ ಖಂಡಿತ ತಿನ್ನುತ್ತದೆ, ಮರೆವಿನಲ್ಲಿ ಅಟ್ಟಕ್ಕೂ ಮೊಳೆಗೂ ಹೆಚ್ಚು ವ್ಯತ್ಯಾಸವಿಲ್ಲ. ಗೊಂಬೆಯನ್ನು ಉಳಿಸಿದ್ದು ಬರೀ ಪೆಟ್ಟಿಗೆಯಲ್ಲ, ವರ್ಷಕ್ಕೊಮ್ಮೆ ಅದನ್ನು ತೆರೆಯುವ ಕೈ. ಸರದಿಯ ಮೇಲೆ ಬದಲಾಗುವ ಚಿತ್ರಕ್ಕೆ ಇನ್ನೊಂದು ಲಾಭವಿದೆ: ಅದನ್ನು ಜನ ನೋಡುತ್ತಾರೆ. ಹತ್ತು ವರ್ಷ ಒಂದೇ ಮೊಳೆಗೆ ಜೋತುಬಿದ್ದದ್ದು ಕಣ್ಣಿಗೆ ಗೋಡೆಯೇ ಆಗಿಬಿಡುತ್ತದೆ. ಈ ದಸರೆಗೆ ಗೊಂಬೆ ಇಳಿಸುವಾಗ ಗೋಡೆಯ ಚಿತ್ರವನ್ನೂ ಒಮ್ಮೆ ಇಳಿಸಿ, ಬೆನ್ನು ತಿರುಗಿಸಿ ನೋಡಿ, ಬೇರೊಂದನ್ನು ಅಲ್ಲಿ ತೂಗುಹಾಕಿ.