ಬೆಂಕಿಯ ತಲೆಗೆ ಕಟ್ಟಿದ ತಪ್ಪು

ಐರಿಶ್ ಮೂಲದ ಅಮೆರಿಕನ್ನರನ್ನೋ ಆಸ್ಟ್ರೇಲಿಯನ್ನರನ್ನೋ ಮಾತಿಗೆಳೆದು, ನಿಮ್ಮ ಮನೆತನದ ಮೂಲ ಊರು ಯಾವುದು ಎಂದು ಕೇಳಿದರೆ ಒಂದು ಸಿದ್ಧ ಉತ್ತರ ಬರುತ್ತದೆ: ‘ಎಲ್ಲಿ ಸಿಗಬೇಕು? ದಾಖಲೆಗಳೆಲ್ಲ 1922ರಲ್ಲೇ ಸುಟ್ಟುಹೋದವಲ್ಲ!’ ಐರ್ಲೆಂಡಿನಲ್ಲೇ ಇರುವವರೂ ಇದನ್ನೇ ಹೇಳುತ್ತಾರೆ. ಹುಡುಕಾಟ ಶುರುವಾಗುವ ಮೊದಲೇ ಅದಕ್ಕೆ ಮಂಗಳ ಹಾಡುವ ಮಾತು ಇದು. ಇದರಲ್ಲಿ ನಿಜ ಇಲ್ಲವೆಂದಲ್ಲ. ಆದರೆ ಒಂದು ಬೆಂಕಿಯ ತಲೆಗೆ ಅದು ಮಾಡದ ತಪ್ಪುಗಳನ್ನೂ ಕಟ್ಟಿ, ನಿಜವಾದ ತಪ್ಪಿತಸ್ಥರನ್ನು ಬಿಟ್ಟುಬಿಡಲಾಗಿದೆ ಎಂಬುದು ನನ್ನ ತಕರಾರು.

ಮೊದಲು ನಡೆದದ್ದನ್ನು ನೋಡೋಣ. ಬ್ರಿಟನ್ನಿನೊಂದಿಗೆ ಆದ ಒಪ್ಪಂದವನ್ನು ಒಪ್ಪದ ಬಣ 1922ರ ಏಪ್ರಿಲ್‌ನಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಕಟ್ಟಡಗಳನ್ನು ಹಿಡಿದು ಕುಳಿತಿತು. ಜೂನ್ 28ರಂದು ಹೊಸ ಸರ್ಕಾರದ ಸೇನೆ ಅವುಗಳ ಮೇಲೆ ಫಿರಂಗಿ ಹಾರಿಸಿತು. ಜೂನ್ 30ರಂದು ಸ್ಫೋಟವಾಗಿ, ಅದೇ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆ ಕಚೇರಿಯ ಉಗ್ರಾಣ ಹೊತ್ತಿ ಉರಿಯಿತು. ಏಳು ಶತಮಾನಗಳ ಕಾಗದಪತ್ರ ಬೂದಿಯಾಯಿತು. 1821, 1831, 1841, 1851ರ ಜನಗಣತಿಯ ಮೂಲ ಪುಸ್ತಕಗಳು ಚೂರುಪಾರು ಬಿಟ್ಟರೆ ಉಳಿಯಲಿಲ್ಲ. ಮರಣಶಾಸನಗಳು ಹೋದವು. ಪ್ರಾಟೆಸ್ಟಂಟರ ಚರ್ಚ್ ಆಫ್ ಐರ್ಲೆಂಡಿನ ರಿಜಿಸ್ಟರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೋದವು. ಇದು ಸಣ್ಣ ನಷ್ಟವಲ್ಲ.

ಆದರೆ 19ನೇ ಶತಮಾನದ ಉಳಿದ ಜನಗಣತಿಗಳು ಎಲ್ಲಿ? 1861 ಮತ್ತು 1871ರ ಮನೆವಾರು ಹಾಳೆಗಳನ್ನು, ಅಂಕಿಅಂಶ ತೆಗೆದುಕೊಂಡಾದ ಮೇಲೆ ಸರ್ಕಾರವೇ ನಾಶಮಾಡಿಸಿತು. 1881 ಮತ್ತು 1891ರವನ್ನು ಮೊದಲ ಮಹಾಯುದ್ಧದ ಕಾಲದ ಕಾಗದದ ಅಭಾವದಲ್ಲಿ ರದ್ದಿಗೆ ಹಾಕಿ ಅರೆಯಲಾಯಿತು. ಲೆಕ್ಕ ಹಾಕಿ: ಕಳೆದುಹೋದ ಎಂಟು ಜನಗಣತಿಗಳಲ್ಲಿ ನಾಲ್ಕು ಬೆಂಕಿಯ ಪಾಲು, ನಾಲ್ಕು ಗುಮಾಸ್ತಿಕೆಯ ಪಾಲು. ಫಿರಂಗಿಯ ಸದ್ದು ನೆನಪಿನಲ್ಲಿ ಉಳಿಯುತ್ತದೆ; ‘ಇವು ಇನ್ನು ಬೇಕಿಲ್ಲ’ ಎಂದು ಕಡತದ ಮೇಲೆ ಹಾಕಿದ ರುಜು ಯಾರಿಗೂ ನೆನಪಿರುವುದಿಲ್ಲ.

ಎರಡನೆಯ ಮಾತು ಇನ್ನೂ ಮುಖ್ಯ. ದೇಶ ಬಿಟ್ಟುಹೋದವರಲ್ಲಿ ಬಹುಪಾಲು ಕ್ಯಾಥೋಲಿಕ್ ಬಡವರು. ಅವರ ಜ್ಞಾನಸ್ನಾನ, ಮದುವೆಗಳ ಪುಸ್ತಕ ಫೋರ್ ಕೋರ್ಟ್ಸ್‌ನಲ್ಲಿ ಇರಲೇ ಇಲ್ಲ. ಸರ್ಕಾರ ಅವನ್ನು ತನ್ನ ದಾಖಲೆಯೆಂದು ಗಣಿಸಿರಲಿಲ್ಲ. ಅವು ಆಯಾ ಪ್ಯಾರಿಷ್‌ನ ಪಾದ್ರಿಯ ಮನೆಯಲ್ಲಿದ್ದವು, ಹಾಗಾಗಿ ಉಳಿದವು. ರಾಷ್ಟ್ರೀಯ ಗ್ರಂಥಾಲಯ ಅವುಗಳ ಮೈಕ್ರೋಫಿಲ್ಮ್ ಮಾಡಿಸಿ, 2015ರಲ್ಲಿ ಚಿತ್ರಗಳನ್ನು ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟಿತು. 1864ರಿಂದ ಎಲ್ಲ ಧರ್ಮದವರ ಜನನ, ಮದುವೆ, ಮರಣವೂ ಸರ್ಕಾರಿ ನೋಂದಣಿಗೆ ಬಂದವು, ಅದೂ ಸುಡಲಿಲ್ಲ. 1901 ಮತ್ತು 1911ರ ಜನಗಣತಿ ಪೂರ್ತಿಯಾಗಿ ಉಳಿದಿದೆ. 1911ರ ಹಾಳೆಯಲ್ಲಂತೂ ಮದುವೆಯಾಗಿ ಎಷ್ಟು ವರ್ಷವಾಯಿತು, ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು ಎಂದು ಪ್ರತಿ ಗೃಹಿಣಿಯ ಲೆಕ್ಕವಿದೆ. ಬೆಂಕಿಯ ಹೆಚ್ಚಿನ ಪೆಟ್ಟು ತಿಂದದ್ದು ಪ್ರಾಟೆಸ್ಟಂಟ್ ಅಲ್ಪಸಂಖ್ಯಾತರ ವಂಶಾವಳಿ. ಅದನ್ನು ಹೇಳಿಕೊಂಡು ಅಳುತ್ತಿರುವವರು ಮಾತ್ರ ಬೇರೆ.

ಆ ಪ್ರಾಟೆಸ್ಟಂಟರದ್ದಾದರೂ ಎಲ್ಲ ಹೋಗಲಿಲ್ಲ. ಭದ್ರವಾಗಿ ಇಟ್ಟುಕೊಳ್ಳುವ ಏರ್ಪಾಡಿದ್ದ ಪ್ಯಾರಿಷ್‌ಗಳು ರಿಜಿಸ್ಟರುಗಳನ್ನು ತಮ್ಮಲ್ಲೇ ಉಳಿಸಿಕೊಂಡಿದ್ದವು. ಬರಾಕ್ ಒಬಾಮಾ ಅವರ ತಾಯಿಯ ಕಡೆಯ ಪೂರ್ವಿಕ ಫಾಲ್ಮತ್ ಕಿಯರ್ನಿ 1850ರಲ್ಲಿ ಆಫಲಿ ಕೌಂಟಿಯ ಮನಿಗಾಲ್ ಬಿಟ್ಟು ಹೋದವನು, ಚಮ್ಮಾರನ ಮಗ. ಅವನ ಮನೆತನದ ಗುರುತು ಸಿಕ್ಕಿದ್ದು ಚರ್ಚ್ ಆಫ್ ಐರ್ಲೆಂಡಿನ ಪಾದ್ರಿ ಸ್ಟೀಫನ್ ನೀಲ್ ಹುಡುಕಿ ತೆಗೆದ ಊರಿನ ದಾಖಲೆಗಳಲ್ಲಿ. ‘ಎಲ್ಲ ಸುಟ್ಟಿದೆ’ ಎಂದು ನೀಲ್ ಸುಮ್ಮನಿದ್ದಿದ್ದರೆ 2011ರ ಮೇ ತಿಂಗಳಲ್ಲಿ ಅಧ್ಯಕ್ಷರು ಆ ಪುಟ್ಟ ಊರಿಗೆ ಬಂದು ದೂರದ ನೆಂಟನ ಜೊತೆ ಗಿನ್ನೆಸ್ ಕುಡಿಯುತ್ತಿರಲಿಲ್ಲ.

ಸುಟ್ಟದ್ದರ ನಕಲು ಹೇಗೆ ಉಳಿಯುತ್ತದೆ ಎಂಬುದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ವೃದ್ಧಾಪ್ಯ ವೇತನದ ಅರ್ಜಿಗಳು. 1908ರ ಕಾಯ್ದೆಯಂತೆ 1909ರ ಜನವರಿಯಿಂದ 70 ದಾಟಿದ ಬಡವರಿಗೆ ವಾರಕ್ಕೆ ಐದು ಶಿಲಿಂಗ್‌ವರೆಗೆ ಸಿಗತೊಡಗಿತು. ವಯಸ್ಸು ರುಜುವಾತು ಮಾಡುವುದು ಹೇಗೆ? ಜನನ ನೋಂದಣಿ ಶುರುವಾದದ್ದೇ 1864ರಲ್ಲಿ. ಮುದುಕರು ತಮ್ಮ ತಂದೆತಾಯಿಯ ಹೆಸರು, ಬಾಲ್ಯದಲ್ಲಿದ್ದ ಹಳ್ಳಿ, ಪ್ಯಾರಿಷ್, ಕೌಂಟಿ ಬರೆದುಕೊಟ್ಟರು; ಫೋರ್ ಕೋರ್ಟ್ಸ್‌ನ ಗುಮಾಸ್ತರು 1841 ಮತ್ತು 1851ರ ಪುಸ್ತಕ ತೆಗೆದು, ಸಿಕ್ಕಿದ್ದನ್ನು ಆ ನಮೂನೆಯ ಮೇಲೇ ಬರೆದರು. ಸಿಗದಿದ್ದರೆ ‘ಸಿಗಲಿಲ್ಲ’ ಎಂದು ಬರೆದರು. ಮೂಲ ಪುಸ್ತಕ ಸುಟ್ಟಿತು, ನಮೂನೆಗಳು ಉಳಿದವು. ಐದು ಶಿಲಿಂಗ್‌ಗಾಗಿ ಒಬ್ಬ ಅಜ್ಜಿ ಹಾಕಿದ ಅರ್ಜಿ ಇವತ್ತು ಆಕೆಯ ಅಪ್ಪ, ಅಮ್ಮ, ಅಣ್ಣತಮ್ಮಂದಿರ ಹೆಸರು ಹೇಳುತ್ತದೆ. ಇದೇ ವೇತನದ ಆಸೆಯ ಗುರುತು ಜನಗಣತಿಯಲ್ಲೂ ಇದೆ: 1901ರಿಂದ 1911ರ ಹತ್ತು ವರ್ಷದಲ್ಲಿ ಎಷ್ಟೋ ಮುದುಕರಿಗೆ ಹದಿನಾಲ್ಕು, ಹದಿನೈದು ವರ್ಷ ವಯಸ್ಸಾಗಿದೆ!

ನಕಲುಗಳನ್ನು ಹುಡುಕುವ ಈ ಕೆಲಸವೇ ಈಗ ದೊಡ್ಡ ಯೋಜನೆಯಾಗಿದೆ. ಬೆಂಕಿಯ ನೂರನೇ ವರ್ಷವಾದ 2022ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಮುಂದಾಳತ್ವದಲ್ಲಿ ‘ವರ್ಚುವಲ್ ರೆಕಾರ್ಡ್ ಟ್ರೆಷರಿ’ ತೆರೆಯಿತು. ಸುಟ್ಟ ಕಡತಗಳ ಪ್ರತಿ ಜಗತ್ತಿನ ಬೇರೆ ಬೇರೆ ಸಂಗ್ರಹಾಲಯಗಳಲ್ಲಿ ಎಲ್ಲೆಲ್ಲಿವೆ ಎಂದು ಹುಡುಕಿ ಒಂದೆಡೆ ಸೇರಿಸುವುದು ಅದರ ಕೆಲಸ. ಐರಿಶ್ ಕಾಗದ ಐರ್ಲೆಂಡಿನಲ್ಲೇ ಇರಬೇಕೆಂದೇನೂ ಇಲ್ಲ. ನಮ್ಮ ಬೆಂಗಳೂರಿನ ದಂಡು ಪ್ರದೇಶದಲ್ಲಿದ್ದ ಐರಿಶ್ ಸಿಪಾಯಿಗಳ ಮದುವೆ, ಅವರ ಮಕ್ಕಳ ನಾಮಕರಣ, ಸಾವುಗಳ ಪಟ್ಟಿ ಮದ್ರಾಸ್ ಪ್ರಾಂತ್ಯದ ಲೆಕ್ಕದಲ್ಲಿ ಲಂಡನ್ನಿಗೆ ಹೋಗಿ, ಈಗ ಬ್ರಿಟಿಷ್ ಲೈಬ್ರರಿಯಲ್ಲಿ ಕುಳಿತಿದೆ.

ಹಾಗಾದರೆ ಹುಡುಕುವವರಿಗೆ ಗೋಡೆ ಅಡ್ಡ ಬರುವುದೇ ಇಲ್ಲವೇ? ಬರುತ್ತದೆ, ಸಾಮಾನ್ಯವಾಗಿ 1800ರ ಆಸುಪಾಸಿನಲ್ಲಿ. ಪಶ್ಚಿಮದ ಬಡ ಪ್ಯಾರಿಷ್‌ಗಳಲ್ಲಿ ಇನ್ನೂ ಈಚೆಗೆ. ಈ ಗೋಡೆ ಕಟ್ಟಿದ್ದು ಬೆಂಕಿಯಲ್ಲ. ಕ್ಯಾಥೋಲಿಕರನ್ನು ಕಾನೂನಿನಿಂದಲೇ ಮೂಲೆಗೆ ತಳ್ಳಿದ್ದ 18ನೇ ಶತಮಾನದಲ್ಲಿ ಅನೇಕ ಕಡೆ ರಿಜಿಸ್ಟರು ಇಡುವ ಸ್ಥಿತಿಯೇ ಇರಲಿಲ್ಲ. ಜನಗಣತಿ ಬಿಟ್ಟರೆ ಸರ್ಕಾರ ಬರೆದುಕೊಂಡದ್ದು ಹೆಚ್ಚಾಗಿ ತೆರಿಗೆ ಕೊಡುವವರನ್ನೇ. 1847ರಿಂದ 1864ರವರೆಗೆ ನಡೆದ ಗ್ರಿಫಿತ್‌ನ ಜಮೀನು ಮೌಲ್ಯಮಾಪನದ ಪುಟ ತೆರೆದರೆ ಗೇಣಿದಾರನ ಹೆಸರಿದೆ, ಒಡೆಯನ ಹೆಸರಿದೆ, ಎಷ್ಟು ಎಕರೆ ಎಂಬುದಿದೆ. ಹೆಂಡತಿಯ ಹೆಸರಿಲ್ಲ, ಮಕ್ಕಳ ಹೆಸರಿಲ್ಲ, ಅದೇ ಹೊಲದ ಅಂಚಿನ ಗುಡಿಸಲಿನಲ್ಲಿ ದಿನಗೂಲಿಗೆ ಬಿದ್ದುಕೊಂಡಿದ್ದವನ ಹೆಸರು ಎಷ್ಟೋ ಕಡೆ ಇಲ್ಲ. ಬರೆಯದೇ ಇದ್ದದ್ದು ಸುಡುವುದಾದರೂ ಹೇಗೆ?

ಎದುರು ವಾದದ ಗಟ್ಟಿ ಅಂಶವೊಂದನ್ನು ಒಪ್ಪಲೇಬೇಕು. 1841ರಲ್ಲಿ ಐರ್ಲೆಂಡಿನ ಜನಸಂಖ್ಯೆ 80 ಲಕ್ಷ ದಾಟಿತ್ತು; ಮಹಾಕ್ಷಾಮದ ನಂತರ 1851ರಲ್ಲಿ ಅದು ಸುಮಾರು 65 ಲಕ್ಷ. ಸತ್ತವರು ಸುಮಾರು ಹತ್ತು ಲಕ್ಷ, ದೇಶ ಬಿಟ್ಟವರು ಇನ್ನೂ ಹೆಚ್ಚು. ಜಮೀನಿಲ್ಲದ ಕೂಲಿಯ ಇಡೀ ಕುಟುಂಬದ ಹೆಸರಿದ್ದ ಜಾಗವೆಂದರೆ ಆ ಎರಡು ಜನಗಣತಿಗಳೇ. ಅವು ಹೋದದ್ದರಿಂದ ಕ್ಷಾಮದಲ್ಲಿ ಅಳಿದ ಎಷ್ಟೋ ಮನೆಗಳಿಗೆ ಸಾಕ್ಷಿಯೇ ಇಲ್ಲದಾಯಿತು. ಈ ನಷ್ಟಕ್ಕೆ ಪರಿಹಾರವಿಲ್ಲ. ಆದರೆ ಇವತ್ತು ಹುಡುಕುತ್ತಿರುವವರು ಬದುಕುಳಿದವರ ಮೊಮ್ಮಕ್ಕಳ ಮಕ್ಕಳು. ಅವರ ದಾರಿ ಬೇರೆ, ಅದು ಬಹುಮಟ್ಟಿಗೆ ತೆರೆದೇ ಇದೆ.

ಆ ದಾರಿ ಮೇಲಕ್ಕಿಂತ ಪಕ್ಕಕ್ಕೆ ಹೋಗುತ್ತದೆ. ಗ್ರಿಫಿತ್‌ನ ಪಟ್ಟಿ ಮುಗಿದ ಮೇಲೂ ಪ್ರತಿ ಹಿಡುವಳಿಯ ತಿದ್ದುಪಡಿ ಪುಸ್ತಕಗಳು ನಡೆಯುತ್ತ ಬಂದವು. ನಮ್ಮ ಕಡೆಯ ಖಾತೆ ಬದಲಾವಣೆಯ ಹಾಗೆಯೇ ಇದು. ಗೇಣಿದಾರ ತೀರಿಕೊಂಡರೆ ಅವನ ಹೆಸರಿನ ಮೇಲೆ ಗೆರೆ ಎಳೆದು ಪಕ್ಕದಲ್ಲಿ ವಾರಸುದಾರನ ಹೆಸರು, ಅಂಚಿನಲ್ಲಿ ಇಸವಿ. ಒಂದೊಂದು ವರ್ಷದ ತಿದ್ದುಪಡಿಗೆ ಒಂದೊಂದು ಬಣ್ಣದ ಶಾಯಿ. ಕೆಂಪು, ನೀಲಿ, ಹಸಿರನ್ನು ಹಿಡಿದು ಬಂದರೆ ದೇಶ ಬಿಡದೆ ಹೊಲದಲ್ಲೇ ಉಳಿದ ಅಣ್ಣನ ಮನೆ 20ನೇ ಶತಮಾನದೊಳಕ್ಕೆ ಕಾಣುತ್ತದೆ. ಹಡಗು ಹತ್ತಿದ ತಮ್ಮನ ವಂಶ ಬಾಸ್ಟನ್ನಿನಲ್ಲಿದ್ದರೆ ಇವರೇ ಅವರ ದಾಯಾದಿಗಳು. ಇದಕ್ಕೆ ಬೇಕಾದದ್ದು ಕೌಂಟಿಯ ಹೆಸರಲ್ಲ, ಊರಿಗಿಂತಲೂ ಚಿಕ್ಕದಾದ ‘ಟೌನ್‌ಲ್ಯಾಂಡ್’ನ ಹೆಸರು. ಅಂಥವು ದೇಶದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚಿವೆ. ‘ಐರ್ಲೆಂಡ್ ರೀಚಿಂಗ್ ಔಟ್’ ಎಂಬ ಸಂಸ್ಥೆಯ ಪ್ಯಾರಿಷ್ ಸ್ವಯಂಸೇವಕರು ಹೊರಗಿನವರನ್ನು ಈ ಮಟ್ಟದಲ್ಲೇ ಊರಿಗೆ ಜೋಡಿಸುತ್ತಾರೆ.

ಜನ ಈ ದಾರಿ ಹಿಡಿಯದಂತೆ ಮಾಡುವಲ್ಲಿ ಬೆಂಕಿಯ ಕಥೆಯ ಪಾಲಿದೆ. ಕಾಗದ ಇಲ್ಲವೆಂದಾದರೆ ಉಳಿಯುವುದು ಅಂಗಡಿ. ಅಡ್ಡಹೆಸರು ಹೇಳಿದರೆ ಸಾಕು, ‘ನಿಮ್ಮ ಮನೆತನದ ಲಾಂಛನ’ ಎಂದು ಚೌಕಟ್ಟು ಹಾಕಿ ಕೊಡುತ್ತಾರೆ. ಲಾಂಛನ ಕೊಡುವುದು ವ್ಯಕ್ತಿಗೆ, ಅದು ಅವನ ಸಂತತಿಗೆ ಸಲ್ಲುತ್ತದೆ. ಒಂದು ಅಡ್ಡಹೆಸರಿನವರಿಗೆಲ್ಲ ಸೇರಿದ ಲಾಂಛನ ಎಂಬುದು ವ್ಯಾಪಾರದ ಸರಕು. ಡಿಎನ್‌ಎ ಪರೀಕ್ಷೆ ಅಷ್ಟು ಹಗುರವಾದದ್ದಲ್ಲ; ಅದು ಜೀವಂತ ನೆಂಟರನ್ನು ನಿಜವಾಗಿಯೂ ತೋರಿಸುತ್ತದೆ. ಆದರೆ ನಾಲ್ಕನೇ ತಲೆಮಾರಿನಾಚೆಯ ಸೋದರಸಂಬಂಧಿಗಳಲ್ಲಿ ಅನೇಕರು ಅದಕ್ಕೆ ಸಿಗುವುದೇ ಇಲ್ಲ. ಸಿಕ್ಕವರು ಯಾವ ಕಡೆಯಿಂದ ನೆಂಟರು ಎಂದು ತಿಳಿಯಲು ಮತ್ತೆ ರಿಜಿಸ್ಟರನ್ನೇ ತೆರೆಯಬೇಕು.

ಕಾಗದವಿದ್ದೂ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಆನಿ ಮೂರ್ ಪ್ರಕರಣವೇ ಸಾಕು. ಕಾರ್ಕ್ ಕೌಂಟಿಯ ಈ ಹುಡುಗಿ 1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ಐಲ್ಯಾಂಡ್ ವಲಸೆ ಕೇಂದ್ರದಲ್ಲಿ ಇಳಿದ ಮೊದಲಿಗಳು. ಆಕೆ ಟೆಕ್ಸಾಸ್‌ಗೆ ಹೋಗಿ ಅಲ್ಲಿ ಅಪಘಾತದಲ್ಲಿ ಸತ್ತಳೆಂದು ದಶಕಗಳ ಕಾಲ ನಂಬಲಾಗಿತ್ತು. ಆ ಮನೆತನದವರಿಗೆ ಸನ್ಮಾನಗಳೂ ಸಂದವು. ಟೆಕ್ಸಾಸಿನ ಆ ಹೆಂಗಸು ಅಮೆರಿಕದ ಇಲಿನಾಯ್‌ನಲ್ಲೇ ಹುಟ್ಟಿದವಳು! 2006ರಲ್ಲಿ ವಂಶಾವಳಿ ಸಂಶೋಧಕಿ ಮೇಗನ್ ಸ್ಮೋಲೆನ್ಯಾಕ್ ನಿಜವಾದ ಆನಿಯನ್ನು ಪತ್ತೆ ಮಾಡಿದರು. ಆಕೆ ನ್ಯೂಯಾರ್ಕ್ ಬಿಟ್ಟು ಹೋಗಿರಲೇ ಇಲ್ಲ. ಅಲ್ಲೇ ಬಡತನದಲ್ಲಿ ಸಂಸಾರ ಮಾಡಿ, 1924ರಲ್ಲಿ ತೀರಿಕೊಂಡು, ಕಲ್ಲು ಕೂಡ ಇಲ್ಲದ ಸಮಾಧಿಯಲ್ಲಿದ್ದಳು. ದಾಖಲೆ ಮೊದಲೂ ಇತ್ತು. ತಮ್ಮ ಅಜ್ಜಿಯನ್ನು ಬೇರೆಯವರ ಅಜ್ಜಿಯೆಂದು ಜಗತ್ತು ಕೊಂಡಾಡುವಾಗ ಆಕೆಯ ಸ್ವಂತ ಮೊಮ್ಮಕ್ಕಳು ಎಲೆಮರೆಯಲ್ಲೇ ಉಳಿದಿದ್ದರು.

1922ರ ಬೆಂಕಿಗೆ ಅದರ ಪಾಲಿನ ತಪ್ಪನ್ನು ಹೊರಿಸೋಣ, ಅದಕ್ಕಿಂತ ಹೆಚ್ಚು ಬೇಡ. ಉಳಿದದ್ದು ಕಾಗದವನ್ನು ರದ್ದಿಗೆ ಹಾಕಿದ ಸರ್ಕಾರದ್ದು, ಬಡವರ ಹೆಸರು ಬರೆಯದ ಲೇಖನಿಯದ್ದು, ಹುಡುಕದೆ ಕೈಚೆಲ್ಲಿದ ವಾರಸುದಾರರದ್ದು. ಐರಿಶ್ ಮೂಲದ ಯಾರಾದರೂ ‘ಎಲ್ಲ ಸುಟ್ಟುಹೋಯಿತು’ ಎಂದರೆ ಒಂದೇ ಪ್ರಶ್ನೆ ಕೇಳಿ: ಯಾವ ವರ್ಷದ, ಯಾವ ಪುಸ್ತಕ? ಅದಕ್ಕೆ ಉತ್ತರ ಹುಡುಕಲು ಹೊರಟವರಿಗೆ ನೆಂಟರೂ ಸಿಗುತ್ತಾರೆ.